ಕಪ್ಪು ಕನ್ನಡಕ: ಬೆಲೆ ನೋಡಬೇಕೋ, ಗುಣ ನೋಡಬೇಕೋ?



ಇದು ಆಲ್ದೂರಿನ ಕಡೆಯ ಮಾತು. ಕಾಫಿ ಕೊಯ್ಲಿನ ಕಾಲ. ಸಂಜೆ ಕೆಲಸ ಮುಗಿದಿತ್ತು. ನಾವು ಏಳೆಂಟು ಜನ ಓದು ಬರಹಕ್ಕೆ ಸೇರಿದ್ದೆವು. ಒಬ್ಬ ಅಕ್ಕ ಕಣ್ಣು ಉಜ್ಜಿಕೊಳ್ಳುತ್ತಾ ಬಂದರು. ಕಣ್ಣು ಕೆಂಪಗೆ ಕೆಂಡದ ಹಾಗಿತ್ತು.

"ಎಂತದು ಅಕ್ಕಾ, ಅತ್ತಿರಾ?" ಅಂತ ಒಬ್ಬಳು ಕೇಳಿದಳು.

"ಅಳು ಅಲ್ಲ ಮಾರಾಯ್ತಿ. ಕಣದ ಬಿಸಿಲು. ಬೆಳಿಗ್ಗೆಯಿಂದ ಕಾಫಿ ಕೈಯಾಡಿಸಿ ಕಣ್ಣು ಉರೀತದೆ."

"ಒಂದು ಕೂಲಿಂಗ್ ಗ್ಲಾಸ್ ಹಾಕ್ಕೊಳ್ಳಿ."

ಎಲ್ಲರೂ ನಕ್ಕೆವು. ಆಮೇಲೆ ಮಾತು ಬೆಳೆಯಿತು. ಒಬ್ಬಳು ಜಾತ್ರೆಯಲ್ಲಿ 80 ರೂಪಾಯಿಗೆ ಒಂದು ಕಪ್ಪು ಕನ್ನಡಕ ಕೊಂಡಿದ್ದಳು. ಇನ್ನೊಬ್ಬ ಅಮ್ಮನ ಮಗ ಬೆಂಗಳೂರಿನಲ್ಲಿದ್ದಾನೆ. ಅವನು ತನಗೆ ಅಂತ 6,000 ರೂಪಾಯಿಗೆ ಒಂದು ಕೊಂಡಿದ್ದ. ಊರಿಗೆ ಬಂದಾಗ ಮನೆಯಲ್ಲೇ ಮರೆತು ಹೋಗಿದ್ದ.

"ಹಾಕಿದ್ರೆ ದುಬಾರಿದೇ ಹಾಕಬೇಕು. ಅಗ್ಗದ್ದು ಕಣ್ಣು ಹಾಳು ಮಾಡ್ತದೆ" ಅಂದರು ಆ ಅಮ್ಮ.

"ಎಲ್ಲಾ ಒಂದೇ ಪ್ಲಾಸ್ಟಿಕ್ಕು. ಹೆಸರಿಗೆ ದುಡ್ಡು ಅಷ್ಟೆ" ಅಂದಳು ಜಾತ್ರೆಯ ಕನ್ನಡಕದವಳು.

ಯಾರ ಮಾತು ಸರಿ? 6,000 ರೂಪಾಯಿ ಅಂದರೆ ನಮಗೆ ಹತ್ತು ಹನ್ನೆರಡು ದಿನದ ದುಡಿಮೆ. ಕಣ್ಣು ಹೋದರೆ ದುಡಿಮೆಯೇ ಇಲ್ಲ. ಆದ್ದರಿಂದ ಇದು ನಗುವ ಮಾತಲ್ಲ. ತಿಳಿದೇ ಬಿಡೋಣ ಅಂತ ನಾವು ತೀರ್ಮಾನ ಮಾಡಿದೆವು.

ಕಪ್ಪು ಕನ್ನಡಕ ಯಾರಿಗೆ?

ಹಿಂದೆ ಹಳ್ಳಿಯಲ್ಲಿ ಕಪ್ಪು ಕನ್ನಡಕ ಹಾಕಿದವರನ್ನು ಕಂಡರೆ ಜನ ಕೇಳುತ್ತಿದ್ದರು: "ಕಣ್ಣಿನ ಆಪರೇಷನ್ ಆಯ್ತಾ?" ಡಾಕ್ಟರ್ ಎಂ.ಸಿ. ಮೋದಿ ಅವರ ಹೆಸರು ಹಿರಿಯರಿಗೆ ಗೊತ್ತು. ಅವರು ಊರೂರಿಗೆ ಹೋಗಿ ಶಿಬಿರ ಮಾಡಿದರು. ಬಡವರ ಕಣ್ಣಿನ ಪೊರೆ ತೆಗೆದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು. ಪೊರೆ ತೆಗೆಸಿಕೊಂಡವರು ಕೆಲವು ದಿನ ಕಪ್ಪು ಕನ್ನಡಕ ಹಾಕುವುದು ವಾಡಿಕೆ.

ಇಲ್ಲದಿದ್ದರೆ ಕಪ್ಪು ಕನ್ನಡಕ ಅಂದರೆ ಸಿನಿಮಾದ ಹೀರೋ. ಇಲ್ಲವೇ ಪೇಟೆಯ ಸಾಹುಕಾರ. ಕೂಲಿ ಮಾಡುವ ಹೆಂಗಸು ಹಾಕಿದರೆ ಜನ ಆಡಿಕೊಳ್ಳುತ್ತಾರೆ. ಆದರೆ ನೋಡಿ, ಸಾಹುಕಾರರು ಬಿಸಿಲಲ್ಲಿ ಎಷ್ಟು ಹೊತ್ತು ಇರುತ್ತಾರೆ? ನಾವು ಎಷ್ಟು ಹೊತ್ತು ಇರುತ್ತೇವೆ? ಕನ್ನಡಕ ಯಾರಿಗೆ ಹೆಚ್ಚು ಬೇಕು?

ಕಾಣದ ಕಿರಣ

ಬಿಸಿಲಿನಲ್ಲಿ ನಮಗೆ ಕಾಣುವ ಬೆಳಕು ಇದೆ. ಕಾಣದ ಕಿರಣವೂ ಇದೆ. ಅದರ ಹೆಸರು ನೇರಳಾತೀತ ಕಿರಣ. ಅಂಗಡಿಯವರು ಯುವಿ ಅನ್ನುತ್ತಾರೆ. ನಾವೂ ಹಾಗೇ ಕರೆಯೋಣ.

ಯುವಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಮಾಡುವ ಕೆಲಸ ಕಾಣುತ್ತದೆ. ಬಿಸಿಲಲ್ಲಿ ಒಣಗಿಸಿದ ಸೀರೆಯ ಬಣ್ಣ ಮಾಸುತ್ತದೆ. ನಮ್ಮ ಚರ್ಮ ಕಪ್ಪಾಗುತ್ತದೆ. ಹಾಗೆಯೇ ಕಣ್ಣಿಗೂ ಪೆಟ್ಟು ಬೀಳುತ್ತದೆ. ಒಂದು ದಿನದಲ್ಲಿ ಅಲ್ಲ. ಹತ್ತಿಪ್ಪತ್ತು ವರ್ಷದಲ್ಲಿ.

ಕೆಲವರಿಗೆ ಕಣ್ಣಿನ ಬಿಳಿ ಭಾಗದಲ್ಲಿ, ಮೂಗಿನ ಕಡೆಯಿಂದ, ತೆಳುವಾದ ಮಾಂಸ ಬೆಳೆಯುತ್ತದೆ. ಬಿಸಿಲು, ಧೂಳಿನಲ್ಲಿ ದುಡಿಯುವವರಿಗೆ ಇದು ಹೆಚ್ಚು. ಕಣ್ಣಿನ ಪೊರೆಗೂ ಯುವಿ ಒಂದು ಕಾರಣ. ಒಂದೇ ಕಾರಣ ಅಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಕಣ್ಣಿಗೆ ಬಿದ್ದ ಪೆಟ್ಟು, ಬೀಡಿ ಸಿಗರೇಟು, ಇವೂ ಕಾರಣ.

ನಮ್ಮದು ಬೆಟ್ಟದ ಸೀಮೆ. ತಂಪು ಇದೆ, ಬಿಸಿಲಿನ ಭಯ ಇಲ್ಲ ಅಂದುಕೊಳ್ಳುತ್ತೇವೆ. ಅದು ತಪ್ಪು. ಮೇಲಕ್ಕೆ ಹೋದಷ್ಟೂ ಯುವಿ ಹೆಚ್ಚು. ಸಾವಿರ ಮೀಟರ್ ಎತ್ತರ ಹತ್ತಿದರೆ ಯುವಿ ನೂರಕ್ಕೆ ಸುಮಾರು ಹತ್ತು ಪಾಲು ಜಾಸ್ತಿ. ಚಿಕ್ಕಮಗಳೂರು ಪಟ್ಟಣವೇ ಸಾವಿರ ಮೀಟರಿನ ಎತ್ತರದಲ್ಲಿದೆ. ತೆಳು ಮೋಡ ಇದ್ದರೂ ಯುವಿ ತೂರಿ ಬರುತ್ತದೆ. ಮೈಗೆ ತಂಪು ಅನ್ನಿಸಿದರೂ ಕಣ್ಣಿಗೆ ಪೆಟ್ಟು ತಪ್ಪುವುದಿಲ್ಲ.

ಪಾಪೆ ಮೋಸ ಹೋಗುವುದು ಹೇಗೆ?

ಈಗ ಮುಖ್ಯ ಮಾತಿಗೆ ಬರೋಣ.

ಕಣ್ಣಿನ ನಡುವೆ ಕಪ್ಪು ಚುಕ್ಕೆ ಇದೆ. ಅದೇ ಪಾಪೆ. ಅದು ಬಾಗಿಲಿದ್ದ ಹಾಗೆ. ಹೆಚ್ಚು ಬೆಳಕು ಬಂದರೆ ಬಾಗಿಲು ಕಿರಿದಾಗುತ್ತದೆ. ಕತ್ತಲಾದರೆ ಅಗಲವಾಗುತ್ತದೆ. ಕಣದಿಂದ ಗೋದಾಮಿನ ಒಳಗೆ ಹೋಗಿ ನೋಡಿ. ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಕಾಣುತ್ತದೆ. ಪಾಪೆ ಅಗಲವಾಗುವುದೂ ಇದಕ್ಕೆ ಒಂದು ಕಾರಣ.

ಕಪ್ಪು ಕನ್ನಡಕ ಹಾಕಿದರೆ ಕಣ್ಣಿಗೆ ಕತ್ತಲಾದ ಹಾಗೆ. ಪಾಪೆ ಅಗಲವಾಗುತ್ತದೆ. ಆ ಕನ್ನಡಕ ಯುವಿಯನ್ನು ತಡೆದರೆ ಸರಿ. ತಡೆಯದಿದ್ದರೆ? ಬಾಗಿಲು ತೆರೆದಿಟ್ಟು ಕಳ್ಳನನ್ನು ಕರೆದ ಹಾಗೆ. ಕಣ್ಣು ಕಿರಿದು ಮಾಡುವುದನ್ನೂ ನಾವು ಬಿಟ್ಟುಬಿಡುತ್ತೇವೆ. ಕಾಣದ ಕಿರಣ ಒಳಗೆ ಹೋಗುತ್ತದೆ.

ಹಾಗಾಗಿ ಕಪ್ಪು ಹೆಚ್ಚಿದ್ದರೆ ಕಣ್ಣಿಗೆ ಒಳ್ಳೆಯದು ಅನ್ನುವುದು ಸುಳ್ಳು. ಕಪ್ಪು ಬಣ್ಣ ಕಾಣುವ ಬೆಳಕನ್ನು ತಡೆಯುತ್ತದೆ. ಕಾಣದ ಯುವಿಯನ್ನು ತಡೆಯುವುದು ಆ ಗಾಜಿನ, ಪ್ಲಾಸ್ಟಿಕ್ಕಿನ ಬೇರೆ ಗುಣ. ಬಣ್ಣವೇ ಇಲ್ಲದ ಬಿಳಿ ಕನ್ನಡಕಕ್ಕೂ ಆ ಗುಣ ಇರಬಹುದು. ಕಡುಕಪ್ಪು ಕನ್ನಡಕಕ್ಕೂ ಅದು ಇಲ್ಲದಿರಬಹುದು.

ಮೂರು ಕನ್ನಡಕ, ಒಂದು ಪರೀಕ್ಷೆ

ಭಾನುವಾರ ನಮ್ಮಲ್ಲಿ ಮೂವರು ಬಸ್ಸು ಹತ್ತಿದೆವು. ಚಿಕ್ಕಮಗಳೂರಿನ ಒಂದು ಕನ್ನಡಕದ ಅಂಗಡಿಗೆ ಹೋದೆವು. ಯುವಿ ಅಳೆಯುವ ಸಣ್ಣ ಯಂತ್ರ ಕೆಲವು ಅಂಗಡಿಗಳಲ್ಲಿ ಇರುತ್ತದೆ. ಅಲ್ಲೂ ಇತ್ತು. ಜಾತ್ರೆಯ 80 ರೂಪಾಯಿಯ ಕನ್ನಡಕ ಕೊಟ್ಟೆವು. 6,000 ರೂಪಾಯಿಯದೂ ಕೊಟ್ಟೆವು. ಅದೇ ಅಂಗಡಿಯಲ್ಲಿ ಹೆಸರಿಲ್ಲದ ಕಂಪನಿಯ 250 ರೂಪಾಯಿಯದು ಒಂದಿತ್ತು. ಅದನ್ನೂ ಇಡಿ ಅಂದೆವು.

ಒಂದೊಂದನ್ನೇ ಯಂತ್ರದಲ್ಲಿಟ್ಟರು. ಒಂದು ನಿಮಿಷವೂ ಬೇಕಾಗಲಿಲ್ಲ. 80 ರೂಪಾಯಿಯದು ಯುವಿಯನ್ನು ಪೂರ್ತಿ ತಡೆಯಲಿಲ್ಲ. 6,000ದ್ದು ತಡೆಯಿತು. 250ರದ್ದು? ಅದೂ ಅಷ್ಟೇ ಚೆನ್ನಾಗಿ ತಡೆಯಿತು!

ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಹಾಗಾದ್ರೆ ನನ್ನ ಮಗ ಎಂತಕ್ಕೆ ಅಷ್ಟು ದುಡ್ಡು ಕೊಟ್ಟ?"

ಒಂದು ಮಾತು. ಅಗ್ಗದ್ದೆಲ್ಲ ಕೆಟ್ಟದ್ದು ಅಂತ ಇದರಿಂದ ತಿಳಿಯಬೇಡಿ. 80 ರೂಪಾಯಿಯ ಇನ್ನೊಂದು ಕನ್ನಡಕ ಪಾಸಾಗಲೂಬಹುದು. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಇದೆ. ಅದು ತಾನಾಗಿಯೇ ಯುವಿಯನ್ನು ತಡೆಯುತ್ತದೆ. ಕಷ್ಟ ಏನೆಂದರೆ, ಬರಿಗಣ್ಣಿಗೆ ಅದು ಗೊತ್ತಾಗುವುದಿಲ್ಲ. ಕೇಳಬೇಕು, ಓದಬೇಕು, ಪರೀಕ್ಷೆ ಮಾಡಿಸಬೇಕು.

ದುಡ್ಡು ಎಲ್ಲಿಗೆ ಹೋಗುತ್ತದೆ?

ದುಬಾರಿ ಕನ್ನಡಕದಲ್ಲಿ ನಿಜವಾದ ಗುಣವೂ ಕೆಲವು ಇವೆ. ಚೌಕಟ್ಟು ಗಟ್ಟಿ ಇರಬಹುದು. ಕೀಲು ಬೇಗ ಸಡಿಲ ಆಗದಿರಬಹುದು. ಗೀರು ಬೀಳದ ಲೇಪ ಇರಬಹುದು. ಪೋಲರೈಸ್ಡ್ ಎಂಬ ಬಗೆಯೂ ಇದೆ. ನೀರು, ಒದ್ದೆ ರಸ್ತೆ ಹೊಳೆದು ಕಣ್ಣು ಕೋರೈಸುವುದನ್ನು ಅದು ಕಡಿಮೆ ಮಾಡುತ್ತದೆ. ಹಗಲು ಗಾಡಿ ಓಡಿಸುವವರಿಗೆ, ಮೀನು ಹಿಡಿಯುವವರಿಗೆ ಅದು ಅನುಕೂಲ. ಆದರೆ ಪೋಲರೈಸ್ಡ್ ಅಂದ ಮಾತ್ರಕ್ಕೆ ಯುವಿ ತಡೆಯುತ್ತದೆ ಅಂತ ಅಲ್ಲ. ಅದನ್ನು ಬೇರೆಯೇ ಕೇಳಬೇಕು.

ಉಳಿದ ದುಡ್ಡು ಹೆಚ್ಚಾಗಿ ಹೆಸರಿಗೆ ಹೋಗುತ್ತದೆ. ಜಾಹೀರಾತಿಗೆ, ದೊಡ್ಡ ಅಂಗಡಿಯ ಬಾಡಿಗೆಗೆ ಹೋಗುತ್ತದೆ. ರೇ-ಬ್ಯಾನ್ ಎಂಬ ಹೆಸರು ಕೇಳಿರಬಹುದು. ಅದು 1937ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. 1999ರಲ್ಲಿ ಇಟಲಿಯ ಲುಕ್ಸೋಟಿಕಾ ಎಂಬ ಕಂಪನಿ ಅದನ್ನು ಕೊಂಡಿತು. 2018ರಲ್ಲಿ ಆ ಕಂಪನಿ ಫ್ರಾನ್ಸಿನ ಇನ್ನೊಂದು ದೊಡ್ಡ ಕಂಪನಿಯ ಜೊತೆ ಸೇರಿತು. ಹೊರಗೆ ಹತ್ತಾರು ಹೆಸರು ಕಾಣುತ್ತವೆ. ಒಳಗೆ ಹಲವು ಹೆಸರಿನ ಕನ್ನಡಕ ಮಾಡುವುದು ಒಂದೇ ಕಂಪನಿ. ಇದು ಕಳ್ಳತನ ಅಲ್ಲ. ಹೆಸರು ಬೇಕಾದವರು ಕೊಳ್ಳಲಿ. ಆದರೆ ಹೆಸರು ಕಣ್ಣು ಕಾಯುವುದಿಲ್ಲ.

ದೊಡ್ಡ ಹೆಸರಿನ ನಕಲೂ ರಸ್ತೆ ಬದಿಯಲ್ಲಿ ಸಿಗುತ್ತದೆ. ಕನ್ನಡಕದ ಮೇಲೆ ದೊಡ್ಡ ಹೆಸರು ಇದೆ, ಬೆಲೆ ನೂರೇ ರೂಪಾಯಿ ಅಂದರೆ ಅದು ನಕಲು ಅಂತಲೇ ತಿಳಿಯಿರಿ.

ಕೊಳ್ಳುವಾಗ ಏನು ನೋಡಬೇಕು?

ನಮಗೆ ಈಗ ಓದಲು ಬರುತ್ತದೆ. ಅಂಕಿ ಗೊತ್ತು. ಅದೇ ನಮ್ಮ ಬಲ.

1. ಕನ್ನಡಕದ ಮೇಲಿನ ಚೀಟಿ ಓದಿ. ಅದರಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರಬೇಕು. ಮೊದಲನೆಯದು ಯು. ಅದು ಕುದುರೆ ಲಾಳವನ್ನು ಬಾಯಿ ಮೇಲೆ ಮಾಡಿ ಇಟ್ಟ ಹಾಗಿದೆ. ಎರಡನೆಯದು ವಿ. ಅದು ಮರದ ಕವಲಿನ ಹಾಗಿದೆ. ಪಕ್ಕದಲ್ಲಿ 400 ಅಂತ ಇರಬೇಕು.

400 ಅಂದರೆ ಏನು? ಬೆಳಕಿನ ಅಲೆಯನ್ನು ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್. ಯುವಿ ಕಿರಣಗಳೆಲ್ಲ 400ರ ಒಳಗೇ ಇವೆ. 400ರವರೆಗೆ ತಡೆದರೆ ಯುವಿಯನ್ನು ತಡೆದ ಹಾಗೆ.

2. ಚೀಟಿಯಲ್ಲಿ ಸುಳ್ಳೂ ಇರಬಹುದು. "ಯುವಿ ಮೀಟರಿನಲ್ಲಿ ಪರೀಕ್ಷೆ ಮಾಡಿ ತೋರಿಸಿ" ಅಂತ ಕೇಳಿ. ಹೆದರಬೇಡಿ. ದುಡ್ಡು ಕೊಡುವವರು ನಾವು.

3. ಮೀಟರ್ ಇಲ್ಲದಿದ್ದರೆ ಒಂದು ಉಪಾಯ ಇದೆ. ಕಳ್ಳನೋಟು ನೋಡುವ ನೇರಳೆ ದೀಪ ಕೆಲವು ಅಂಗಡಿಗಳಲ್ಲಿ ಇರುತ್ತದೆ. ಅದರ ಕೆಳಗೆ ನೋಟಿನ ನಂಬರು ಹೊಳೆಯುತ್ತದೆ. ದೀಪ ಮತ್ತು ನೋಟಿನ ನಡುವೆ ಕನ್ನಡಕ ಹಿಡಿಯಿರಿ. ಹೊಳಪು ನಿಂತರೆ ಒಳ್ಳೆಯ ಗುರುತು. ಹೊಳೆಯುತ್ತಲೇ ಇದ್ದರೆ ಆ ಕನ್ನಡಕ ಬೇಡ. ಇದು ಅಂದಾಜಿನ ಪರೀಕ್ಷೆ. ಮೀಟರಿನಷ್ಟು ಖಚಿತ ಅಲ್ಲ. ದೀಪವನ್ನು ಮಾತ್ರ ನೇರವಾಗಿ ನೋಡಬೇಡಿ.

4. ಕನ್ನಡಕವನ್ನು ಕೈ ಚಾಚಿ ಹಿಡಿಯಿರಿ. ಅದರ ಮೂಲಕ ಬಾಗಿಲ ಚೌಕಟ್ಟು ಇಲ್ಲವೇ ಕರೆಂಟು ಕಂಬ ನೋಡಿ. ನಿಧಾನಕ್ಕೆ ಆಚೆ ಈಚೆ ಆಡಿಸಿ. ನೇರ ಗೆರೆ ಹಾವಿನ ಹಾಗೆ ಬಳುಕಿದರೆ ಬಿಡಿ. ಅಂಥದ್ದು ಹಾಕಿದರೆ ತಲೆನೋವು.

5. ಬೂದಿ ಬಣ್ಣ ಅಥವಾ ಕಂದು ಬಣ್ಣ ಒಳ್ಳೆಯದು. ಬೂದಿ ಬಣ್ಣದಲ್ಲಿ ಕೆಂಪು ಹಣ್ಣು, ಹಸಿರು ಕಾಯಿ ಹೆಚ್ಚು ಕಡಿಮೆ ಇದ್ದ ಹಾಗೇ ಕಾಣುತ್ತದೆ.

6. ಕಪ್ಪು ಎಷ್ಟು ಅನ್ನುವುದಕ್ಕೂ ನಂಬರು ಇದೆ. 0ಯಿಂದ 4ರವರೆಗೆ. ಬಿಸಿಲಿಗೆ 2 ಇಲ್ಲವೇ 3 ಸಾಕು. 4 ತುಂಬಾ ಕಪ್ಪು. ಅದನ್ನು ಹಾಕಿ ಗಾಡಿ ಓಡಿಸಬಾರದು.

7. ಕಣ್ಣನ್ನು ಚೆನ್ನಾಗಿ ಮುಚ್ಚುವಷ್ಟು ಅಗಲ ಇರಲಿ. ತೀರಾ ಸಣ್ಣದಾದರೆ ಮೇಲಿಂದ, ಪಕ್ಕದಿಂದ ಯುವಿ ಒಳಗೆ ಬರುತ್ತದೆ.

8. ಬಿಲ್ಲು ತೆಗೆದುಕೊಳ್ಳಿ. ಮೋಸ ಆದರೆ ಗ್ರಾಹಕರ ಸಹಾಯವಾಣಿ ಇದೆ. ಅದರ ನಂಬರು 1915. ಬಿಲ್ಲು ಇದ್ದರೆ ನಮ್ಮ ಮಾತಿಗೆ ತೂಕ.

ಎಲ್ಲಿ ಹಾಕಬೇಕು? ಎಲ್ಲಿ ಬೇಡ?

ಕಣದಲ್ಲಿ ಹಾಕಿ. ಹಣ್ಣಿನ ಕಾಫಿ ಒಣಗಲು ಹನ್ನೆರಡು ಹದಿನೈದು ದಿನ ಬೇಕು. ಅಷ್ಟೂ ದಿನ ಬಿಸಿಲು ಮೇಲಿಂದಲೂ ಬರುತ್ತದೆ, ಸಿಮೆಂಟಿನ ನೆಲಕ್ಕೆ ಬಡಿದು ಕೆಳಗಿನಿಂದಲೂ ಬರುತ್ತದೆ. ಬಯಲು ಗದ್ದೆಯಲ್ಲಿ, ರಸ್ತೆ ಕೆಲಸದಲ್ಲಿ, ಹಗಲು ಸ್ಕೂಟರಿನಲ್ಲಿ ಹಾಕಿ.

ಕಾಫಿ ತೋಟದ ನೆರಳಿನಲ್ಲಿ ಬೇಡ. ಅಲ್ಲಿ ಮರಗಳೇ ನಮ್ಮ ಕನ್ನಡಕ. ನೆರಳಲ್ಲಿ ಕಪ್ಪು ಕನ್ನಡಕ ಹಾಕಿದರೆ ಗುಂಡಿ ಕಾಣುವುದಿಲ್ಲ. ಹಾವೂ ಕಾಣುವುದಿಲ್ಲ. ಮಂಜು ಮುಸುಕಿದಾಗ ಬೇಡ. ರಾತ್ರಿ ಗಾಡಿ ಓಡಿಸುವಾಗ ಬೇಡವೇ ಬೇಡ.

ಮರಗಸಿ ಮಾಡುವಾಗ ಹೊಟ್ಟು, ಕಡ್ಡಿ ಸಿಡಿಯುತ್ತದೆ. ಕಳೆ ಕೊಚ್ಚುವ ಯಂತ್ರದಿಂದ ಕಲ್ಲು ಹಾರುತ್ತದೆ. ಬೋರ್ಡೋ ದ್ರಾವಣ ಹೊಡೆಯುವಾಗ ಮೈಲುತುತ್ತ, ಸುಣ್ಣ ಕಣ್ಣಿಗೆ ಬೀಳಬಹುದು. ಇದಕ್ಕೆಲ್ಲ ಕಪ್ಪು ಕನ್ನಡಕ ಸಾಲದು. ಸುತ್ತಲೂ ಮುಚ್ಚುವ, ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿ ಕನ್ನಡಕ ಬೇಕು. ಕೆಲಸ ಕೊಡುವವರನ್ನು ಅದನ್ನು ಕೇಳಿ ಪಡೆಯಿರಿ. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಕೂಡಲೇ ಹರಿಯುವ ಶುದ್ಧ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ಹೊತ್ತು ತೊಳೆಯಿರಿ. ಆಮೇಲೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಗ್ರಹಣ ನೋಡಲು ಯಾವ ಕಪ್ಪು ಕನ್ನಡಕವೂ ಆಗದು. 2019ರ ಡಿಸೆಂಬರ್ 26ರಂದು ನಮ್ಮ ಕಡೆ ದೊಡ್ಡ ಸೂರ್ಯಗ್ರಹಣ ಕಂಡಿತ್ತು. ನೆನಪಿದೆಯಾ? ಅಂಥ ದಿನ 80 ರೂಪಾಯಿಯದೂ ಒಂದೇ, 6,000ದ್ದೂ ಒಂದೇ. ಸೂರ್ಯನನ್ನು ನೇರ ನೋಡಲು ಬೇರೆಯೇ ಗ್ರಹಣದ ಕನ್ನಡಕ ಬೇಕು.

ಮಕ್ಕಳಿಗೆ ಆಟದ ಬಣ್ಣದ ಕನ್ನಡಕ ಹಾಕಿ ಬಿಸಿಲಿಗೆ ಬಿಡಬೇಡಿ. ಮಕ್ಕಳ ಕಣ್ಣಿನೊಳಗೆ ಯುವಿ ದೊಡ್ಡವರಿಗಿಂತ ಹೆಚ್ಚು ಹೋಗುತ್ತದೆ.

ದುಡ್ಡು ಸ್ವಲ್ಪವೇ ಇದ್ದರೆ?

ದುಡ್ಡೇ ಬೇಡದ ಕೆಲಸ ಮೊದಲು ಮಾಡಿ. ಅಗಲ ಅಂಚಿನ ಟೋಪಿ ಹಾಕಿದರೆ ಕಣ್ಣಿಗೆ ಬೀಳುವ ಯುವಿ ಸುಮಾರು ಅರ್ಧ ಕಡಿಮೆ ಆಗುತ್ತದೆ. ತಲೆಗೆ ಕಟ್ಟಿದ ಟವೆಲಿನ ಅಂಚನ್ನು ಹಣೆಯ ಮುಂದಕ್ಕೆ ತನ್ನಿ. ನಡುಮಧ್ಯಾಹ್ನ ಸ್ವಲ್ಪ ಹೊತ್ತು ನೆರಳಿಗೆ ಬನ್ನಿ.

ಇನ್ನೊಂದು ಮಾತು. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುತ್ತದೆ. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಅಕ್ಷರ ಕಲೆಸಿದ ಹಾಗೆ ಕಾಣುತ್ತದೆ. "ನನ್ನ ತಲೆಗೆ ಓದು ಹತ್ತುವುದಿಲ್ಲ" ಅಂತ ಕೆಲವು ಅಕ್ಕಂದಿರು ಬೇಜಾರು ಮಾಡಿಕೊಳ್ಳುತ್ತಾರೆ. ತಲೆಯದು ತಪ್ಪಲ್ಲ. ಅದು ಚಾಳೀಸು. ಅದಕ್ಕೆ ಬೇಕಾದದ್ದು ಬಿಳಿ ಕನ್ನಡಕ. ಅದಕ್ಕೂ ಬೆಲೆ ಹೆಚ್ಚಿಲ್ಲ.

ಚಾಳೀಸಿನ ಕನ್ನಡಕ ಓದಿಗೆ ಮಾತ್ರ ಅಲ್ಲ, ತೋಟದ ಕೆಲಸಕ್ಕೂ ಬೇಕು. ಅಸ್ಸಾಮಿನಲ್ಲಿ ನಮ್ಮ ಹಾಗೆಯೇ ತೋಟದಲ್ಲಿ ದುಡಿಯುವವರಿದ್ದಾರೆ. ಅವರು ಟೀ ಸೊಪ್ಪು ಕೊಯ್ಯುತ್ತಾರೆ. ಅಲ್ಲಿ ನಲವತ್ತು ದಾಟಿದ ಕೆಲವರಿಗೆ ಹತ್ತಿರದ್ದು ನೋಡುವ ಕನ್ನಡಕ ಕೊಟ್ಟು ನೋಡಿದರು. ಕೆಲವರಿಗೆ ಮೊದಲು ಕೊಡಲಿಲ್ಲ. ಕನ್ನಡಕ ಸಿಗದವರಿಗಿಂತ ಸಿಕ್ಕವರ ಕೊಯ್ಲು ದಿನಕ್ಕೆ ಸುಮಾರು 5 ಕಿಲೋ ಹೆಚ್ಚು ಏರಿತು. ಈ ಲೆಕ್ಕ 2018ರಲ್ಲಿ ಹೊರಬಂತು. ನೋಡಿದಿರಾ? ಕಡಿಮೆ ಬೆಲೆಯ ಕನ್ನಡಕವೂ ಕೂಲಿಯನ್ನು ಹೆಚ್ಚಿಸಬಹುದು.

ಆದ್ದರಿಂದ ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮೊದಲು ಕಣ್ಣು ತೋರಿಸಿ. ಬೇಕಾದರೆ ಚಾಳೀಸಿನ ಕನ್ನಡಕ ಮಾಡಿಸಿ. ಆಮೇಲೆ ಬಿಸಿಲಿನ ಕನ್ನಡಕ. ಪೊರೆ ಬಂದಿದ್ದರೆ ಕಪ್ಪು ಕನ್ನಡಕದಿಂದ ಅದು ಹೋಗುವುದಿಲ್ಲ. ಆಪರೇಷನ್ನೇ ಆಗಬೇಕು. ಕುರುಡುತನ ತಡೆಯುವ ಸರ್ಕಾರದ ಕಾರ್ಯಕ್ರಮ 1976ರಲ್ಲೇ ಶುರುವಾಯಿತು. ಅದರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆಯ ಆಪರೇಷನ್ ಉಚಿತ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು.

ಆ ಅಕ್ಕ ಏನು ಮಾಡಿದರು?

ಕಣದ ಕೆಲಸದ ಅಕ್ಕ ಜಿಲ್ಲಾ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿದರು. ಮೂಲೆಯಲ್ಲಿ ಮಾಂಸ ಬೆಳೆಯಲು ಶುರುವಾಗಿತ್ತು. "ಇನ್ನೂ ಸಣ್ಣದು. ಈಗಲೇ ಆಪರೇಷನ್ ಬೇಡ. ಬಿಸಿಲು, ಧೂಳಿನಿಂದ ಕಣ್ಣು ಕಾಪಾಡಿಕೊಳ್ಳಿ" ಅಂದರು ಡಾಕ್ಟರು. ಔಷಧಿ ಬರೆದುಕೊಟ್ಟರು.

ಅಕ್ಕ ಅದೇ 250 ರೂಪಾಯಿಯ ಕನ್ನಡಕ ಕೊಂಡರು. ಚೀಟಿಯನ್ನು ತಾವೇ ಓದಿದರು. "ಯು, ವಿ, ನಾಲ್ಕು, ಸೊನ್ನೆ, ಸೊನ್ನೆ" ಅಂತ ಬೆರಳಿಟ್ಟು ಓದಿದರು. ಬಿಲ್ಲೂ ತೆಗೆದುಕೊಂಡರು.

ಮರುದಿನ ಕಣದಲ್ಲಿ ನಗು ಎದ್ದಿತು. "ಓಹೋ, ಹೀರೋಯಿನ್ ಬಂದ್ರು!" ಅಂದರು ಕೆಲವರು. ಅಕ್ಕ ಕನ್ನಡಕ ತೆಗೆಯಲಿಲ್ಲ. "ನಗಿ ಮಾರಾಯ್ತೀರೇ. ಕಣ್ಣು ನಂದು" ಅಂದರು. ವಾರ ಕಳೆಯುವುದರೊಳಗೆ ನಕ್ಕವರಲ್ಲೇ ಇಬ್ಬರು ಬಂದು ಕೇಳಿದರು: "ಅಕ್ಕಾ, ಆ ಚೀಟಿಯಲ್ಲಿ ಎಂತ ಬರೆದಿರಬೇಕು ಅಂದ್ರಿ?"

ನೆನಪಿಡೋಣ

ಬೆಲೆ ಕಣ್ಣು ಕಾಯುವುದಿಲ್ಲ. ಕಪ್ಪು ಬಣ್ಣವೂ ಕಾಯುವುದಿಲ್ಲ. ಯುವಿ ತಡೆಯುವ ಗುಣ ಕಾಯುತ್ತದೆ.

ಚೀಟಿ ಓದಿ. ಪರೀಕ್ಷೆ ಮಾಡಿಸಿ. ಬಿಲ್ಲು ಕೇಳಿ.

ಮಾತಾಡೋಣ, ಬರೆಯೋಣ

ನಿಮ್ಮ ಮನೆಯಲ್ಲಿ ಕಪ್ಪು ಕನ್ನಡಕ ಇದೆಯಾ? ಅದರ ಚೀಟಿಯಲ್ಲಿ ಏನಿದೆ? ಓದಿ ಬನ್ನಿ.

ನಿಮ್ಮ ಯಾವ ಕೆಲಸದಲ್ಲಿ ಕಣ್ಣಿಗೆ ಹೆಚ್ಚು ತೊಂದರೆ? ಎರಡು ಸಾಲು ಬರೆಯಿರಿ.

ನಿಮ್ಮ ಗುಂಪಿನಲ್ಲಿ ನಲವತ್ತು ದಾಟಿದವರು ಎಷ್ಟು ಜನ? ಅವರಲ್ಲಿ ಕಣ್ಣು ತೋರಿಸಿದವರು ಎಷ್ಟು? ಲೆಕ್ಕ ಹಾಕಿ.